ಕಾಕಾನ ದಸ್ತಿ

ತಂಗಿಯ ಮಗ ಎಲ್ಲೋ ತಿರುಗಾಡಲು ಹೋದವನು ವೈನ್ ಬಾಟಲಿಯೊಂದನ್ನು ತಂದು ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಬೂಚು ತೆಗೆದದ್ದೇ ತಡ, ಹುಳಿ ಹಿಡಿದ ದ್ರಾಕ್ಷಿಯ ವಾಸನೆ ಮನೆತುಂಬ ಹರಡಿತು. ನನಗೆ ನೆನಪಾದದ್ದು ಮಾತ್ರ ಒಂದು ದಸ್ತಿ. ನಮ್ಮ ಬಸವಕಲ್ಯಾಣದ ಕಡೆ ಕರವಸ್ತ್ರಕ್ಕೆ ಹಾಗೆನ್ನುತ್ತೇವೆ. ಪಕ್ಕದ ಮನೆಯ ಕಾಕಾ ಅಂಗಿಯ ಕಾಲರಿನೊಳಗೆ ಸಿಕ್ಕಿಸಿಕೊಳ್ಳುತ್ತಿದ್ದ ಬಿಳಿ ದಸ್ತಿ…

ಕಾಕಾಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಕಂಡಕ್ಟರ್ 'ಹುಮನಾಬಾದ, ಹುಮನಾಬಾದ' ಎಂದು ಗಂಟಲು ಹರಿದುಕೊಳ್ಳುತ್ತಿದ್ದರೂ ಬೋರ್ಡು ಓದುವವರು, ಡ್ರೈವರನನ್ನು ಕೇಳುವವರು, ಹತ್ತಿ ಕೂತ ಮೇಲೆ ಪಕ್ಕದವರನ್ನೂ ಒಂದು ಮಾತು ಕೇಳುವವರು. ನನ್ನದೂ ಸಂಶಯದ ಜೀವವೇ, ಆದರೆ ಅವರ ಮುಂದೆ ನಾನು ಎಳೆ ಕೂಸು.

ಹುಲಸೂರ ರಸ್ತೆಯಲ್ಲಿ ಅವರದೊಂದು ಸಣ್ಣ ದ್ರಾಕ್ಷಿ ತೋಟವಿತ್ತು. ಹುಮನಾಬಾದದ ಆಚೆ ಗುಡ್ಡದಲ್ಲಿ ವೈನ್ ಮಾಡುವವರು ಸುತ್ತಲಿನ ದ್ರಾಕ್ಷಿ ಬೆಳೆಗಾರರನ್ನು ಒಂದು ದಿನ ರುಚಿ ನೋಡಲು ಕರೆದರು. ರುಚಿ ಹಿಡಿಸಿದರೆ ತಮ್ಮ ತಳಿಯ ಬಳ್ಳಿ ಹಾಕಿ ಎನ್ನುವುದು ಅವರ ಲೆಕ್ಕ. "ಪುಕಟ್ಟೆ ಕರದು ಕುಡಸ್ತಾರಂದ್ರ ಇದರಾಗ ಏನೋ ಅದ," ಎಂದರು ಕಾಕಾ. ಅದೇನೆಂದು ಪತ್ತೆಹಚ್ಚಲೆಂದೇ ಹೊರಟು ನಿಂತರು.

ಕಾಕಾನ ಹೆಂಡತಿ, ನಮ್ಮ ಕಾಕುಗೆ ಇದು ಸರಿಬರಲಿಲ್ಲ. ಹಿಂದೊಮ್ಮೆ ಕಾಕಾ ಸೇಂದಿ ಕುಡಿಯುವುದಕ್ಕೆ ಬಿದ್ದಾಗ ಕಾಕು ತವರಿಗೆ ಹೋಗಿ ಕೂತಿದ್ದರಂತೆ. ಕಾಕಾ ಕೊರಳ ಲಿಂಗ ಮುಟ್ಟಿ ಆಣೆ ಮಾಡಿದ ಮೇಲೆಯೇ ತಿರುಗಿ ಬಂದದ್ದು. ಇನ್ನೊಮ್ಮೆ ಬಾಯಿ ವಾಸನೆ ಬಂದರೆ ಮತ್ತೆ ಬರುವ ಮಾತಿಲ್ಲ ಎಂದೂ ಹೇಳಿದ್ದರು. ಅದಕ್ಕೇ ನನ್ನನ್ನು ಹಿತ್ತಲಿಗೆ ಕರೆದು, "ನೀನೂ ಹೋಗವ್ವಾ. ಒಂದು ಗುಟುಕು ಗಂಟಲಾಗ ಇಳೀತಂದ್ರ ನನಗ ಹೇಳಬೇಕು," ಎಂದರು. ಹೀಗೆ ನಾನು ಬೇಹುಗಾರ್ತಿಯಾದೆ.

ಜಾಗ ಚೆಂದವಿತ್ತು, ಸುಳ್ಳೇಕೆ ಹೇಳಲಿ. ಕೆಂಪು ಮಣ್ಣಿನ ಇಳಿಜಾರಿಗೆ ಸಾಲು ಸಾಲು ಬಳ್ಳಿ, ಕಪ್ಪು ಗೊಂಚಲು, ತಣ್ಣನೆ ಗಾಳಿ. ಕಾಕಾ ಒಂದನ್ನೂ ಕಣ್ಣೆತ್ತಿ ನೋಡಲಿಲ್ಲ. ಅವರ ಕಣ್ಣೆಲ್ಲ ವೈನ್ ಸುರಿಯುವವನ ಕೈಯ ಮೇಲೆ. ನನ್ನ ಕಣ್ಣು ಕಾಕಾನ ಗಂಟಲ ಮೇಲೆ.

ಆ ಮನುಷ್ಯ ಗ್ಲಾಸು ತಿರುಗಿಸಿದ, ಮೂಸಿದ, ಬಾಯಿಗೆ ಹಾಕಿಕೊಂಡು ಮುಕ್ಕಳಿಸಿದ. ಆಮೇಲೆ ಮೇಜಿನ ಪಕ್ಕದ ಸ್ಟೀಲ್ ಬಕೀಟಿಗೆ ಉಗುಳಿದ! ರುಚಿ ನೋಡುವ ಪದ್ಧತಿಯೇ ಹಾಗೆ, ನೀವೂ ಉಗುಳಬಹುದು ಎಂದ. ಕಾಕಾ ನನ್ನ ಕಿವಿಯ ಹತ್ತಿರ ಬಂದರು.

"ನೋಡ್ದೇನ? ತಾ ಮಾಡಿದ್ದು ತಾನ ಉಗುಳಾಕತ್ತಾನ. ಏನ್ ಬೆರಸ್ಯಾನಂತ ಅಂವಗ ಗೊತ್ತದ."

ಬೆರೆಸಿದ್ದೇನೆಂದು ತಿಳಿಯಬೇಕಲ್ಲ, ಕಾಕಾ ಪ್ರತಿ ಗ್ಲಾಸಿನದೂ ಒಂದಿಷ್ಟು ಬಾಯಲ್ಲಿಟ್ಟುಕೊಂಡರು. ಬಕೀಟಿಗೆ ಮಾತ್ರ ಉಗುಳಲೊಲ್ಲರು. ಆ ಎಂಜಲೆಲ್ಲ ಸಂಜೆಗೆ ಮತ್ತೆ ಬಾಟಲಿ ಸೇರುತ್ತದೆ ಎನ್ನುವುದು ಅವರ ಗುಮಾನಿ. ಎಲ್ಲವನ್ನೂ ದಸ್ತಿಗೇ ಉಗುಳಿದರು. ಒಂದು ಹನಿಯೂ ಗಂಟಲಿಗಿಳಿಯಲಿಲ್ಲ, ನಾನು ರೆಪ್ಪೆ ಬಡಿಯದೆ ನೋಡಿದ್ದೇನೆ. ಬಳ್ಳಿಯ ವಿಷಯ ಕೇಳಿದವರಿಗೆ 'ನೋಡೋಣು' ಎಂದು ಎದ್ದು ಬಂದರು.

ಮನೆ ಹೊಸ್ತಿಲಲ್ಲೇ ಕಾಕುಗೆ ವಾಸನೆ ಬಡಿಯಿತು. ದಸ್ತಿ ಎಳೆದುಕೊಂಡರು, ಮೂಸಿದರು, ಸೀದಾ ಒಳಗೆ ಹೋಗಿ ತವರಿಗೆ ಹೊರಡಲು ಸೀರೆಗಳನ್ನು ಗಂಟು ಕಟ್ಟತೊಡಗಿದರು. ಕುಡಿದಿಲ್ಲ ಕಾಕು, ನಾನೇ ನೋಡಿದ್ದೇನೆ ಎಂದು ಬಡಕೊಂಡೆ.

"ನಿನಗೂ ಕುಡಿಸ್ಯಾರ. ಎಲ್ಲಿ, ಬಾಯಿ ತಗಿ!"

ನನಗೆ ಎಂಥ ಸಿಟ್ಟು ಬಂತು! ಆದರೂ ಗದ್ದಲ ಕೇಳಿ ಬಂದು ಸೇರಿದ್ದ ಓಣಿಯವರ ಮುಂದೆ ಬಾಯಿ ತೆರೆದು ನಿಂತೆ. ಊರನ್ನೆಲ್ಲ ಸಂಶಯದಿಂದ ನೋಡಿದ ಕಾಕಾ ಅಂದು ಕಳ್ಳನ ಹಾಗೆ ಗೋಡೆಗೆ ಒರಗಿದ್ದರು. ಕೊನೆಗೆ ಮೆಲ್ಲಗೆ ಹೇಳಿದರು: "ಹೋಗಬ್ಯಾಡ. ನಾಳಿಂದ ದಿನಾ ಸಂಜಿಗಿ ನೀನ ದಸ್ತಿ ಮೂಸಿ ನೋಡು."

ಗಂಟು ಬಿಚ್ಚಿತು. ಅಂದಿನಿಂದ ತೋಟದಿಂದ ಬಂದ ಕಾಕಾ ಹೊಸ್ತಿಲಲ್ಲಿ ನಿಂತು ದಸ್ತಿ ಚಾಚುವುದು, ಕಾಕು ಮೂಸಿ ಒಳಗೆ ಬಿಡುವುದು. ಓಣಿಯವರು ನಗುತ್ತಿದ್ದರು. ನನಗೆ ಕಾಕುನ ಮೇಲೆ ಒಳಗೊಳಗೇ ಬೇಸರವಿತ್ತು, ಎಷ್ಟು ವರ್ಷ ಈ ಅಪನಂಬಿಕೆ ಎಂದು… ಕಾಕಾ ತೀರಿಕೊಳ್ಳುವವರೆಗೂ ಅದು ತಪ್ಪಲಿಲ್ಲ.

ಈ ಬಾಟಲಿ ಬಂದ ಸಂಜೆ ಕಾಕು ಮೊಸರಿಗೆ ಹೆಪ್ಪು ಕೇಳಲು ಬಂದರು. ವಾಸನೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು.

"ಅದ ವಾಸನಿ," ಎಂದರು.

"ಅವತ್ತು ಕಾಕಾ ಖರೇನ ಕುಡಿದಿದ್ದಿಲ್ರಿ ಕಾಕು."

"ಗೊತ್ತಿತ್ತವ್ವಾ. ನೀ ಬಾಯಿ ತಗದು ನಿಂತಾಗ ವಾಸನಿ ಬರಲಿಲ್ಲಲ್ಲ, ಆಗನ ಗೊತ್ತಾಗಿತ್ತು."

ನನಗೆ ತಡೆಯಲಾಗಲಿಲ್ಲ. "ಮತ್ತ ದಿನಾ ಯಾಕ ಮೂಸ್ತಿದ್ರಿ?"

"ದಸ್ತಿ ತೋರ್ಸಾಕಾದ್ರೂ ಹೊತ್ತು ಮುಳುಗೂದ್ರಾಗ ಮನಿಗಿ ಬರ್ತಿದ್ರಲ್ಲ…"

ಕಾಕು ಹೆಪ್ಪಿನ ಬಟ್ಟಲು ತೆಗೆದುಕೊಂಡು ತಮ್ಮ ಹೊಸ್ತಿಲ ಕಡೆ ನೋಡಿದರು. ದೀಪ ಹಚ್ಚುವ ಹೊತ್ತಾಗಿತ್ತು. ಅಲ್ಲಿ ಯಾರೂ ನಿಂತಿರಲಿಲ್ಲ.