ದೊಡ್ಡಪ್ಪನವರ ಸಮುದ್ರ ನಿಯಮ

"ಅಮ್ಮ, ಇವತ್ತು ಅಮಾವಾಸ್ಯೆ. ಮಲ್ಪೆಗೆ ನಾಳೆ ಹೋದ್ರಾಯ್ತು" ಎಂದು ಮಗ ಕ್ಯಾಲೆಂಡರಿನ ಕಪ್ಪು ಚುಕ್ಕೆಯ ಮೇಲೆ ಬೆರಳಿಟ್ಟು ನಿಂತ. ಅಮಾವಾಸ್ಯೆ ಎಂದರೆ ನನಗೆ ದೊಡ್ಡಪ್ಪನವರ ನೆನಪು. ನೆನಪಾದರೆ ಮೈಯೆಲ್ಲ ಉರಿ. ಅವರು ಹೋಗಿ ಎಷ್ಟೋ ಕಾಲವಾಯಿತು, ಉರಿ ಹೋಗಿಲ್ಲ ನೋಡಿ.

ಸ್ವಾತಂತ್ರ್ಯಕ್ಕೆ ಮುಂಚಿನ ಮಾತು. ದೊಡ್ಡಪ್ಪನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತರು. ಕೂತು ಬರೆಯುವ ಕೆಲಸ. ಹೇಳಿಕೊಳ್ಳುವಾಗ ಮಾತ್ರ ಅಲ್ಲಿನ ಕಬ್ಬಿಣವನ್ನೆಲ್ಲ ತಾವೇ ಕರಗಿಸಿದ ಜಂಬ. ಸಮುದ್ರ ಕಂಡವರಲ್ಲ. ಊರ ಹೊಳೆ ಬಿಟ್ಟರೆ ಕಂಡ ದೊಡ್ಡ ನೀರೆಂದರೆ ಶಿವಮೊಗ್ಗೆಯ ಸೇತುವೆಯಿಂದ ಇಣುಕಿದ ತುಂಗೆ, ಅದೂ ಕಂಬಿ ಹಿಡಿದುಕೊಂಡು. ಇಂಥವರ ಮಗಳು ಗಿರಿಜಕ್ಕ ಬಿ.ಎಸ್ಸಿ. ಮುಗಿಸಿ, ಮದರಾಸಿನಲ್ಲಿ ಕಡಲತೀರದ ಜೀವಿಗಳ ಬಗ್ಗೆ ಎಂ.ಎಸ್ಸಿ. ಓದುತ್ತೇನೆಂದಳು.

"ಏಡಿ ಹಿಡಿಯೋಕೂ ಪರೀಕ್ಷೆನಾ?" ಎಂದು ದೊಡ್ಡಪ್ಪನವರು ನಕ್ಕರು. ಅವರು ನಕ್ಕರೆ ಮನೆಮಂದಿಯೆಲ್ಲ ನಗಬೇಕು, ನಕ್ಕರು. ಗಿರಿಜಕ್ಕ ಊಟ ಬಿಟ್ಟಳು. ಆಗ ಯಾವ ಪುರಾಣಿಕರ ಬಾಯಿಂದ ಹೆಕ್ಕಿದರೋ, ಒಂದು ನಿಯಮ ತಂದರು.

"ಹೋಗು ಮಾರಾಯ್ತಿ. ಆದ್ರೆ ಅಮಾವಾಸ್ಯೆ, ಹುಣ್ಣಿಮೆ ಬಿಟ್ಟು ಬೇರೆ ದಿನ ಸಮುದ್ರ ಮುಟ್ಟಕೂಡ್ದು. ದೇವ್ರ ಮುಂದೆ ಆಣೆ ಮಾಡು."

ಆಮೇಲೆ ಜಗಲಿಗೆ ಬಂದು ನನ್ನಪ್ಪನಿಗೆ, "ಆ ದಿನ ಸಮುದ್ರ ಉಕ್ಕುತ್ತಂತೆ ಕಣೋ. ಹತ್ರ ಯಾರು ಹೋಗ್ತಾರೆ? ಓದು ಸಾಕಪ್ಪಾ ಅಂತ ಅವಳೇ ಬರ್ತಾಳೆ. ಗಂಡು ನೋಡಿಟ್ಟಿದೀನಿ" ಎಂದರು. ಅವರ ಗುಟ್ಟು ಬೀದಿಗೆಲ್ಲ ಕೇಳಿಸಿತು.

ಒಳಗೆ ಗಿರಿಜಕ್ಕ ಬಾಯಿಗೆ ಸೆರಗು ಒತ್ತಿಕೊಂಡು ತಲೆ ತಗ್ಗಿಸಿ ಆಣೆ ಮಾಡಿದಳು. ಭುಜ ನಡುಗುತ್ತಿತ್ತು. ಇಷ್ಟು ಓದಿದವಳು ಹೀಗೆ ಅಳುತ್ತ ಒಪ್ಪುವುದೇ ಎಂದು ನನಗೆ ಅವಳ ಮೇಲೂ ಸಿಟ್ಟು ಬಂತು.

ಮದರಾಸಿಗೆ ಹೋದವಳು ಓದು ಬಿಟ್ಟು ವಾಪಸು ಬರಲಿಲ್ಲ. "ನನ್ನ ಮಗಳು ಶಾಸ್ತ್ರ ಮೀರೋಳಲ್ಲ" ಎಂದು ದೊಡ್ಡಪ್ಪನವರು ಅದಕ್ಕೂ ಮೀಸೆ ತಿರುವಿದರು. ಮುಂದಿನ ರಜೆಯಲ್ಲಿ ಅವಳು ಓದಿನ ಕೆಲಸಕ್ಕೆಂದು ಮಲ್ಪೆಗೆ ಹೊರಟಾಗ ಜೊತೆಗೆ ನನ್ನನ್ನು ಕಳಿಸಿದರು. ಅಮಾವಾಸ್ಯೆಯ ನಸುಕು. ನೀರು ಎಲ್ಲೋ ಹಿಂದಕ್ಕೆ ಸರಿದು, ಬಂಡೆಗಳೆಲ್ಲ ಬರಿದಾಗಿ, ಗುಂಡಿಗುಂಡಿಯಲ್ಲೂ ಏಡಿ, ನಕ್ಷತ್ರಮೀನು. ಗಿರಿಜಕ್ಕ ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಟಿದ್ದಳು.

"ಅಕ್ಕಾ, ಸಮುದ್ರ ಉಕ್ಕುತ್ತೆ ಅಂದಿದ್ರು!"

"ಉಕ್ಕುತ್ತೆ. ಉಕ್ಕಿದಷ್ಟೇ ಹಿಂದಕ್ಕೂ ಹೋಗುತ್ತೆ. ದಂಡೆ ಇಷ್ಟು ಬಿಚ್ಕೊಳ್ಳೋದು ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೇ. ನಮ್ಮ ಕೆಲಸ ಎಲ್ಲ ಆಗಲೇ. ಅಪ್ಪಯ್ಯ ಅರ್ಧ ಕೇಳ್ಕೊಂಡು ಬಂದಿದ್ರು."

"ಮತ್ತೆ ಅವತ್ತು ಅಳ್ತಿದ್ಯಲ್ಲ?"

"ಯಾರು ಅತ್ತಿದ್ದು? ನಗು ತಡೆಯೋಕಾಗ್ಲಿಲ್ಲ ಮಾರಾಯ್ತಿ!"

ಗಿರಿಜಕ್ಕ ಈಗ ಮಲ್ಪೆಯಲ್ಲೇ ಇದ್ದಾಳೆ, ಮುದುಕಿ. ಇವತ್ತು ಸಂಜೆ ನೀರು ಇಳಿಯುವ ಹೊತ್ತಿಗೆ ಬಾ ಎಂದಿದ್ದಾಳೆ. ಮಗ ಇನ್ನೂ ಕ್ಯಾಲೆಂಡರಿನ ಮುಂದೆಯೇ ನಿಂತಿದ್ದಾನೆ. ಥೇಟ್ ದೊಡ್ಡಪ್ಪನವರದೇ ಮೂಗು.

"ಹೌದಪ್ಪಾ, ಅಮಾವಾಸ್ಯೆ" ಎಂದೆ. ಬಾಯಿಗೆ ಸೆರಗು ಒತ್ತಿಕೊಂಡು ಚೀಲ ಎತ್ತಿಕೊಂಡೆ.