ಗಾಂಧಾರ ಇಳಿಸಿದ ಪಿಯಾನೋ ಮಾಸ್ತರು

ಎಡಗೈ ಬೆರಳುಗಳನ್ನು ಪಿಯಾನೋ ಮಾಸ್ತರು ಪೂರ್ತಿ ಅಗಲಿಸಿದರೆ ಒಂದು ಜೋಳದ ರೊಟ್ಟಿ ಮುಚ್ಚಿಹೋಗುತ್ತಿತ್ತು. ಅಷ್ಟು ದೊಡ್ಡ ಕೈ. ಆ ಕೈ ಸುಮ್ಮನಿದ್ದುದನ್ನು ನಾನಂತೂ ಎಂದೂ ನೋಡಲಿಲ್ಲ. ಚಹಾದ ಬಟ್ಟಲ ಮೇಲೆ, ತಮ್ಮದೇ ಮೊಣಕಾಲ ಮೇಲೆ, ನಮ್ಮ ತುಳಸಿಕಟ್ಟೆಯ ಮೇಲೂ ಬೆರಳು ಕುಣಿಯುತ್ತಿದ್ದವು. “ಕೈಗೇನರ ಇರಿವಿ ಹತ್ಯಾವೇನ್ರಿ ಮಾಸ್ತರ?” ಎಂದು ಅವ್ವ ಚೇಷ್ಟೆ ಮಾಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಗೋವೆಯ ಕಿರಿಸ್ತಾನರು ಅವರು. ಹುಬ್ಬಳ್ಳಿಯಲ್ಲಿ ರೈಲ್ವೆ ಸಾಹೇಬರ ಕ್ಲಬ್ಬಿತ್ತು. ಅಲ್ಲಿ ಪ್ರತಿ ಶನಿವಾರ ಸಂಜೆ ಡಾನ್ಸಿಗೆ ಪಿಯಾನೋ ಬಾರಿಸುವುದು ಅವರ ನೌಕರಿ. ಜಾಝ್ ಎಂಬ ಶಬ್ದ ಧಾರವಾಡದ ನಮ್ಮ ಮಾಳಮಡ್ಡಿ ಓಣಿಗೆ ಬಂದದ್ದೇ ಅವರ ಬಾಯಿಂದ. ರವಿವಾರ ಚರ್ಚು ಮುಗಿದದ್ದೇ ರೈಲು ಹತ್ತಿ ನಮ್ಮ ಮನೆಗೆ ಬರುವರು. ನಮ್ಮಪ್ಪ ಹಾಡು ಕಲಿಸುವ ಗುರುಗಳು, ನನಗೂ ಅವರದೇ ಪಾಠ. ಮಾಸ್ತರು ಬೂಟು ಕಳಚಿ ಪಡಸಾಲೆಯ ಮೂಲೆಯಲ್ಲಿ ಕೂತು, ಪಾಠ ಮುಗಿಯುವ ತನಕ ಕೇಳುತ್ತಿದ್ದರು.

ಒಂದು ದಿನ ಧೈರ್ಯ ಮಾಡಿದರು. “ಗುರೂಜಿ, ನಂದೊಂದು ಆಸೆ ಅದರಿ. ಒಮ್ಮೆ ನಿಮ್ಮ ತಂಬೂರಿ ಜೋಡಿ ನಾ ಬಾರಿಸಬೇಕು. ನೀವು ಕೇಳಬೇಕು.”

ನಮ್ಮಪ್ಪನಿಗೆ ಬೆಣ್ಣೆ ಹಚ್ಚಿ ಮಾತಾಡಿ ಗೊತ್ತೇ ಇರಲಿಲ್ಲ. “ನಿಮ್ಮ ಆ ಪೆಟಗಿ ಕೇಳೀನಿ, ಒಮ್ಮೆ ಕ್ಲಬ್ಬಿನ ಮುಂದ ಹಾಯ್ದು ಹೋಗೂ ಮುಂದ. ಗಾಂಧಾರ ಏರಿ ಕೂತದ. ಅದನ್ನ ಇಳಿಸ್ರಿ, ಆಮ್ಯಾಲೆ ನೋಡೋಣು.”

ಬೇರೆ ಯಾರಾದರೂ ಆಗಿದ್ದರೆ ಮುಖ ಗಂಟು ಹಾಕಿಕೊಂಡು ಎದ್ದು ಹೋಗುತ್ತಿದ್ದರು. ಮಾಸ್ತರು ಮಾತ್ರ ಖುಷಿಯಿಂದ ತೊಡೆ ಬಡಿದುಕೊಂಡರು! “ಖರೇ ಅದರಿ! ಯಾವ ಸ್ವರಾ ಹಿಡದ್ರೂ ಅಲ್ಲಿಂದ ಹಾಡು ಎತ್ತಲಿಕ್ಕೆ ಬರಲಿ ಅಂತ, ನಾವು ಎಲ್ಲಾ ಸ್ವರಾನೂ ಚೂರು ಚೂರು ಕೆಡಿಸಿ ಇಟ್ಟೀವಿ.” ಪಿಯಾನೋವನ್ನು ತಂಬೂರಿಯ ಒಂದೇ ಷಡ್ಜಕ್ಕೆ ಶುದ್ಧವಾಗಿ ಕೂಡಿಸಬಹುದು, ಆದರೆ ಆಗ ಡಾನ್ಸಿನ ಬ್ಯಾಂಡಿಗೆ ಅದು ಕೆಲಸಕ್ಕೆ ಬಾರದು ಎಂದೂ ಅವರೇ ತಿಳಿಸಿ ಹೇಳಿದರು.

ಆದರೂ ಒಮ್ಮೆ ಹಾಗೆ ಕೂಡಿಸಿಯೇ ಬಿಡುವುದು ಎಂದರು; ಅದಕ್ಕೆ ತಂಬೂರಿ ಬೇಕು. ಅಪ್ಪನ ತಂಬೂರಿ ಹೊಸ್ತಿಲು ದಾಟಿದ್ದೇ ಅಪರೂಪ. ಕೊನೆಗೆ ಅವ್ವನೇ ಸೊಂಟಕ್ಕೆ ಸೆರಗು ಸಿಕ್ಕಿಸಿದಳು: “ನಾ ತೊಡಿಮ್ಯಾಲೆ ಇಟಗೊಂಡು ಹೋಗತೀನಿ, ಹುಡುಗಿ ನುಡಸಲಿ. ಆತಲ್ಲ?” ಹೀಗೆ ನಾವಿಬ್ಬರೂ ಹೆಂಗಸರ ಡಬ್ಬಿಯಲ್ಲಿ ತಂಬೂರಿಯನ್ನು ಕೂಸಿನಂತೆ ಮಲಗಿಸಿಕೊಂಡು ಹುಬ್ಬಳ್ಳಿಗೆ ಹೋದೆವು. ಡಾನ್ಸಿನ ಹಾಲ್ ನೋಡಿ ಅವ್ವ, “ಅಯ್ಯ, ಇಷ್ಟ ದೊಡ್ಡ ಪಡಸಾಲಿ, ಸಾರಿಸವ್ರು ಯಾರ?” ಎಂದಳು.

ಮಾಸ್ತರು ಕೋಟು ತೆಗೆದು, ಪಿಯಾನೋದ ಹೊಟ್ಟೆ ಬಿಚ್ಚಿ, ಚಾವಿಯಿಂದ ಒಂದೊಂದೇ ತಂತಿ ಸಡಿಲಿಸುತ್ತ ಬಂದರು. ನಾನು ತಂಬೂರಿ ಮೀಟುತ್ತಲೇ ಇದ್ದೆ. ತಂಬೂರಿಯೊಳಗೆ ತಾನಾಗಿ ಹುಟ್ಟುವ ಗಾಂಧಾರಕ್ಕೆ ಪಿಯಾನೋದ ಗಾಂಧಾರ ಇಳಿದು ಕೂಡಿದಾಗ ಆ ಹಾಲ್ ಇಡೀ ಗುಂಯ್ ಅಂದಿತು. ನನ್ನ ಮೈ ಜುಂ ಎಂದಿತು. ಮಾಸ್ತರ ಕಣ್ಣಲ್ಲಿ ನೀರು.

ಗುರುವಾರ ಅಪ್ಪನಿಗೆ ಕೇಳಿಸಿ, ಶನಿವಾರದೊಳಗೆ ಮತ್ತೆ ಮೊದಲಿನಂತೆ ಮಾಡಿಡುವುದು ಅವರ ವಿಚಾರ. ಆದರೆ ಕರೆಯಲು ಅವರು ಮನೆಗೆ ಬಂದಾಗ ಅಪ್ಪ ಪಂಚಾಂಗ ತೆಗೆದರು. “ಶನಿವಾರ ನಮ್ಮ ಗುರುಗಳ ತಿಥಿ. ಅವತ್ತ ಮಧ್ಯಾಹ್ನ ಬರತೀನಿ. ಅವರ ಹೆಸರಿನ್ಯಾಗ ಕೇಳತೀನಿ, ತಿಳೀತ?” ಸಾಹೇಬರ ಡಾನ್ಸಿನ ವಾರ ಅಪ್ಪನಿಗೇನು ಗೊತ್ತು! ಮಾಸ್ತರು “ಆಗಲ್ರಿ” ಎಂದು ಬೂಟು ಹಾಕಿಕೊಳ್ಳಲು ಎದ್ದರು.

ಬಾಗಿಲ ತನಕ ಅವರ ಬೆನ್ನು ಹತ್ತಿ ಹೋದೆ. “ಹೇಳ್ರಿ ಮಾಸ್ತರ, ಸಂಜಿಗೆ ಡಾನ್ಸ್ ಅದ ಅಂತ. ಅಷ್ಟರಾಗ ಪಿಯಾನೋ ಮೊದಲಿನಂಗ ಆಗೂದಿಲ್ಲ, ನೌಕರಿ ಹೋಗತದ.”

“ಹೋಗಬಹುದು ತಂಗಿ. ಆದ್ರ ಗುರುವಿನ ತಿಥಿ ದಿನಾ ನಾ ಬಾರಿಸೂದು ಕೇಳಲಿಕ್ಕೆ ಬರತಾರ. ಇಂಥಾದ್ದು ಮತ್ತ ಬರೂದಿಲ್ಲ.”

ಶನಿವಾರ ಅಪ್ಪ ಚಪ್ಪಲಿ ಹೊರಗೇ ಬಿಟ್ಟು, ಡಾನ್ಸಿನ ಹಾಲ್‌ನ ನಡುವೆ ಹಾಸಿದ ಜಮಖಾನದ ಮೇಲೆ ಗುರುಗಳ ಫೋಟೋ ಇಟ್ಟು ಕೂತರು. ನಾನು ತಂಬೂರಿ ಹಿಡಿದೆ. ಮಾಸ್ತರು ಪಿಯಾನೋದ ಸ್ಟೂಲಿನ ಹತ್ತಿರ ಹೋದವರು ತಿರುಗಿ ನೋಡಿದರು. ಗುರುಗಳು ನೆಲದಲ್ಲಿ, ತಾವು ಎತ್ತರದಲ್ಲಿ. ಸ್ಟೂಲನ್ನು ಆಚೆ ಸರಿಸಿ, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲೇ ಮೊಣಕಾಲೂರಿ ಬಾರಿಸತೊಡಗಿದರು.

ಅವರು ಬಾರಿಸಿದ್ದು ನಮ್ಮ ಹಿಂದುಸ್ತಾನಿ ಚೀಜಲ್ಲ, ತಮ್ಮದೇ ಜಾಝ್. ಎಡಗೈ ನಡಿಗೆ ಹಾಕುತ್ತಿತ್ತು, ಬಲಗೈ ಕೋಮಲ ಗಾಂಧಾರವನ್ನು ಶುದ್ಧ ಗಾಂಧಾರಕ್ಕೆ ತಾಗಿಸಿ, ಎರಡರ ನಡುವೆ ತೂಗುತ್ತಿತ್ತು. ಅಪ್ಪ ಕಣ್ಣು ಬಿಟ್ಟರು. “ಅಲಲಾ! ಎರಡೂ ಗಾಂಧಾರ ಹಚ್ಚತಾನ! ಪೀಲೂ ರಾಗ ಇದು, ಪೀಲೂ!” ಎಂದವರೇ ಸ್ವರ ಎತ್ತಿಬಿಟ್ಟರು. ಆಮೇಲೆ ಯಾರು ಯಾರನ್ನು ಕರೆದುಕೊಂಡು ಹೋದರೋ ನನಗೆ ತಿಳಿಯಲಿಲ್ಲ. ಅಪ್ಪ ಮೀಂಡದಲ್ಲಿ ಸ್ವರದಿಂದ ಸ್ವರಕ್ಕೆ ಜಾರಿದ ಕಡೆ ಮಾಸ್ತರು ಕೈ ಎತ್ತಿ ಜಾಗ ಬಿಡುತ್ತಿದ್ದರು. ಅಪ್ಪ ಉಸಿರು ತೆಗೆದುಕೊಳ್ಳುವಲ್ಲಿ ಮಳೆಯಂತೆ ಸುರಿಯುತ್ತಿದ್ದರು. ಇಷ್ಟು ವರ್ಷ ಹಾಡಿದ್ದೇನೆ, ಕೇಳಿದ್ದೇನೆ. ಅಂಥದ್ದು ಮತ್ತೆ ಕೇಳಿಲ್ಲ ದೇವರಾಣೆ. ಡಾನ್ಸಿಗೆ ಬಂದ ಸಾಹೇಬರು, ಮಡ್ಡಮ್ಮರು ಬಾಗಿಲಲ್ಲೇ ನಿಂತುಬಿಟ್ಟಿದ್ದರು.

ಸಂಜೆ ಬ್ಯಾಂಡಿನವರು ಪೀಪಿ ಊದಿದರು, ಪಿಯಾನೋ ಅದಕ್ಕೆ ಹೊಂದಲೇ ಇಲ್ಲ. ಕುಣಿಯುವವರು ಕಿವಿ ಮುಚ್ಚಿಕೊಂಡರಂತೆ. ಕ್ಲಬ್ಬಿನ ಸೆಕ್ರೆಟರಿ ಅಲ್ಲೇ ನೌಕರಿಯಿಂದ ಬಿಡಿಸಿದ. ಅಪ್ಪನಿಗೆ ವಿಷಯ ತಿಳಿದದ್ದು ಮಾಸ್ತರು ಟ್ರಂಕು ಹಿಡಿದು ಹೇಳಿಹೋಗಲು ಬಂದಾಗ. “ಒಂದ ಮಾತು ಹೇಳಬಾರದಾಗಿತ್ತೇನ್ರಿ?” ಎಂದು ಅಪ್ಪ ಕೂಗಾಡಿಬಿಟ್ಟರು. ಮಾಸ್ತರು, “ಹೇಳಿದ್ರ ನೀವು ಬರತಿದ್ದಿಲ್ಲಲ್ರಿ,” ಎಂದು ಕಾಲು ಮುಟ್ಟಿ ಮುಂಬಯಿಯ ಗಾಡಿ ಹತ್ತಿದರು.

ಮುಂದೆ ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಮುಂಬಯಿಯಿಂದ ಬಂದ ತಬಲಜಿಯೊಬ್ಬರು ಮಾಸ್ತರು ಜ್ವರದಲ್ಲಿ ತೀರಿಕೊಂಡ ಸುದ್ದಿ ಹೇಳಿದರು. ಪಾಠ ಹೇಳುತ್ತಿದ್ದ ಅಪ್ಪ ಎದ್ದು ಹಿತ್ತಲಿಗೆ ನಡೆದರು. ಉಟ್ಟ ಧೋತರದಲ್ಲೇ ಬಾವಿಯಿಂದ ನೀರು ಸೇದಿ ತಲೆಯ ಮೇಲೆ ಸುರಿದುಕೊಂಡರು. ಹಿಂದೆಯೇ ಓಡಿ ಬಂದ ಶಿಷ್ಯನೊಬ್ಬ, “ಗುರುಗಳ, ಅವರು ಕಿರಿಸ್ತಾನರಲ್ರಿ? ನಮಗ್ಯಾತರ ಸ್ನಾನ?” ಎಂದ.

ಅಪ್ಪ ಅವನ ಕಡೆ ನೋಡಲೇ ಇಲ್ಲ. ತುಂಬಿದ ಕೊಡವನ್ನು ನನ್ನ ಮುಂದೆ ಇಟ್ಟರು. “ನೀನೂ ಸ್ನಾನ ಮಾಡವಾ. ನಿಮ್ಮ ಕಾಕಾ ಹೋಗ್ಯಾನ,” ಎಂದರು.