ತಿಪ್ಪಮ್ಮನ ಮಾತು, ಕೆರೆ ಏರಿಯ ಬೋರ್ಡು

ಹಳೆಯ ಡೈರಿಯೊಂದನ್ನು ಬಿಡಿಸಿದಾಗ ಪುಟಗಳ ನಡುವಿನಿಂದ ಗಾಳದ ಕೊಕ್ಕೆಯೊಂದು ಮಡಿಲಿಗೆ ಬಿತ್ತು. ತುಕ್ಕು ಹಿಡಿದಿತ್ತು. ಅದು ಕೂತಿದ್ದ ಜಾಗದಲ್ಲಿ ಎರಡು ಪುಟಗಳ ಮೇಲೂ ಅದರದೇ ಆಕಾರದ ಕಂದು ಕಲೆ. ನಾನು ಹುಡುಕುತ್ತಿದ್ದುದು ಕೊಕ್ಕೆಯನ್ನಲ್ಲ, ನೀರಿನ ಮಟ್ಟವನ್ನು. ಪ್ರತಿವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಗಾಳದ ಬಳಗದವರು ನನ್ನಿಂದ ಒಂದು ಟಿಪ್ಪಣಿ ಬರೆಸುತ್ತಾರೆ: ಕೆರೆಯಲ್ಲಿ ನೀರೆಷ್ಟು, ಮೀನು ಯಾವಾಗ ಕಚ್ಚುತ್ತದೆ, ಏನು ಮಾಡಬಹುದು, ಏನು ಮಾಡಬಾರದು. ಅದು ವಾಟ್ಸಾಪಿನಲ್ಲಿ ಚನ್ನಗಿರಿಯಿಂದ ಹೊನ್ನಾಳಿ, ನ್ಯಾಮತಿಯವರೆಗೆ ಓಡಾಡುತ್ತದೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ನಾನು ಬರೆದದ್ದೆಲ್ಲ ನಿಜವಿರಬೇಕೆಂದು ಬಳಗದವರ ನಂಬಿಕೆ. ನನ್ನ ವಿದ್ಯಾರ್ಥಿಗಳು ಅಷ್ಟು ಮುಗ್ಧರಲ್ಲ.

ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಅಂಥ ಮನೆಯವಳಿಗೆ ಗಾಳದ ಹುಚ್ಚು ಹೇಗೆ ಹತ್ತಿತು ಎಂದು ನೀವು ಕೇಳಬಹುದು. ಒಬ್ಬಳೇ ಸುಮ್ಮನೆ ಕೂತಿರಲು ಊರು ಒಪ್ಪುವ ನೆಪ ಬೇಕಿತ್ತೇನೋ. ಹಿಡಿದ ಮೀನನ್ನು ಫೋಟೋ ತೆಗೆದು ನೀರಿಗೆ ಬಿಡುತ್ತಿದ್ದೆ. ಆದರೂ ಅಮ್ಮ ನನ್ನ ಕೈ ಮೂಸದೆ ಅಡುಗೆಮನೆಯ ಹೊಸ್ತಿಲು ದಾಟಿಸುತ್ತಿರಲಿಲ್ಲ.

ಸಂತೇಬೆನ್ನೂರಿನಿಂದ ಆಚೆಗೆ ಇರುವ ಆ ಕೆರೆಯಲ್ಲಿ ನನಗೆ ಗಾಳ ಕಲಿಸಿದವಳು ತಿಪ್ಪಮ್ಮ. ಏರಿ ಕೆಳಗಿನ ಕೇರಿಯವಳು. ಹಗಲು ಮೆಕ್ಕೆಜೋಳದ ಹೊಲಗಳಲ್ಲಿ ಕೂಲಿ, ಸಂಜೆ ಜೊಂಡಿನ ಪಕ್ಕದಲ್ಲಿ ಒಂದು ಬಿದಿರು ಕೋಲು. ದಾರಕ್ಕೆ ಜೋಳದ ದಂಟಿನ ಬೆಂಡು ಕಟ್ಟಿರುತ್ತಿದ್ದಳು. ಅದು ಮುಳುಗಿದರೆ ರಾತ್ರಿಗೆ ಸಾರು. ನನ್ನ ಫೈಬರ್ ಕೋಲು, ರೀಲು, ಟೋಪಿ ಇವನ್ನೆಲ್ಲ ಮೊದಲ ದಿನವೇ ಮೇಲಿಂದ ಕೆಳಗೆ ನೋಡಿ ಕೇಳಿದ್ದಳು:

“ತಿನ್ನಂಗಿಲ್ಲ, ಮಾರಂಗಿಲ್ಲ. ಮತ್ಯಾಕೆ ಹಿಡೀತೀರಿ ಮೇಡಮ್ಮಾರೆ? ಮೀನಿನ ಜೊತೆ ತಮಾಷೆ ಮಾಡಾಕಾ?”

“ಅದಕ್ಕೇನೂ ಆಗಲ್ಲ ತಿಪ್ಪಮ್ಮ, ವಾಪಸ್ ಬಿಡ್ತೀನಲ್ಲ.”

“ನಿಮ್ ತುಟಿಗೆ ಕೊಕ್ಕೆ ಹಾಕಿ, ಎಳದು, ಪಟ ತೆಗದು, ಆಮ್ಯಾಲೆ ಹೋಗು ಅಂತೀನಿ. ಹೆಂಗೈತೆ ಹೇಳ್ರಿ ನೋಡಾನ.”

ಬೇಸಿಗೆಯ ಕೊನೆಗೆ ಆ ಕೆರೆ ಬತ್ತುತ್ತ ಬಂದು ತೂಬಿನ ಬುಡದ ಮಡುವಿಗೆ ಇಳಿಯುತ್ತದೆ. ಇದ್ದಬದ್ದ ಮೀನೆಲ್ಲ ಆ ಒಂದು ಗುಂಡಿಯಲ್ಲಿ. ಮೊದಲ ಸಲ ಗಾಳ ಹಿಡಿದವನಿಗೂ ಅಲ್ಲಿ ಬುಟ್ಟಿ ತುಂಬುತ್ತದೆ. ತಿಪ್ಪಮ್ಮ ಮಾತ್ರ ಆ ದಿನಗಳಲ್ಲಿ ಮಡುವಿನ ಕಡೆ ಹೋಗುತ್ತಿರಲಿಲ್ಲ. ದಂಡೆಯ ತೆಳುನೀರಿನಲ್ಲೇ ಕೂರುತ್ತಿದ್ದಳು. ಸಿಕ್ಕ ಗೆಂಡೆ ಮೀನಿನ ಹೊಟ್ಟೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಿದ್ದಳು. ತತ್ತಿ ಇದ್ದರೆ ಕೊಕ್ಕೆಯನ್ನು ನೀರೊಳಗೇ ಬಿಡಿಸಿ, “ಹೋಗವ್ವ, ಹೆರಿಗೆ ಆದ್ಮ್ಯಾಲೆ ಬಾ” ಎನ್ನುತ್ತಿದ್ದಳು. ತವರಿಗೆ ಬಂದ ಮಗಳನ್ನು ಬಸ್ಸು ಹತ್ತಿಸುವ ದನಿ. ನಾನು ಅದನ್ನು ಕೂಡಲೇ ಡೈರಿಯಲ್ಲಿ ಬರೆದುಕೊಂಡೆ. ಒಳ್ಳೆಯ ಮಾತು ಕಿವಿಗೆ ಬಿದ್ದರೆ ಅದು ಯಾರದು ಎಂಬುದನ್ನು ಆಮೇಲೆ ನೋಡಿಕೊಳ್ಳುವ ಜಾತಿ ನನ್ನದು.

ಆ ವರ್ಷವೇ ನಮ್ಮ ಬಳಗ ಹುಟ್ಟಿತು. ಬರದ ಊರಾದ ಜಗಳೂರಿನಲ್ಲಿ ಔಷಧಿ ಅಂಗಡಿ ಇಟ್ಟ ಮಂಜಣ್ಣ ಅದರ ಮುಂದಾಳು. “ನಮ್ ಕಡೇರು ನೀರು ನೋಡಾಕೂ ಟಿಕೆಟ್ ತಗಸ್ಕೆಂಡು ಬರ್ಬೇಕ್ರಿ” ಎಂದು ತಾನೇ ನಗುತ್ತಿದ್ದ. ಕೆರೆಯ ಮೀನಿನ ಗುತ್ತಿಗೆದಾರನ ಜೊತೆ ಮಾತಾಡಿ ಅವನೇ ನಮಗೆ ಗಾಳ ಹಾಕುವ ಪರವಾನಗಿ ಕಾರ್ಡು ಮಾಡಿಸಿದ. ಏರಿಯ ಮೇಲೆ ಬೋರ್ಡು ಹಾಕಿಸುವುದೆಂದಾಯಿತು. ನಿಯಮ ಬರೆಯುವ ಕೆಲಸ ನನಗೆ ಬಂತು.

ಬರೆದೆ. ನೀರು ತೂಬಿನ ಮೂರನೇ ಮೆಟ್ಟಿಲಿಗಿಂತ ಇಳಿದ ಮೇಲೆ, ಹೊಸ ನೀರು ಬರುವ ತನಕ ಈ ಕೆರೆಯಲ್ಲಿ ಯಾರೂ ಗಾಳ ಹಾಕತಕ್ಕದ್ದಲ್ಲ. ಅದರ ಕೆಳಗೆ: ಕಾರ್ಡು ಹೊಂದಿದ, ಹಿಡಿದು ಬಿಡುವ ಹವ್ಯಾಸಿಗಳಿಗೆ ಇದು ಅನ್ವಯಿಸುವುದಿಲ್ಲ. ಈ ಎರಡನೇ ಸಾಲು ಮಂಜಣ್ಣನದು ಎಂದು ಎಷ್ಟೋ ಸಲ ಹೇಳಿದ್ದೇನೆ. ಕೈಬರಹ ನನ್ನದು. ಮೇಲುಗಡೆ ಹಳದಿ ಅಕ್ಷರದಲ್ಲಿ, ಪುಸ್ತಕದ ಕನ್ನಡಕ್ಕೆ ತಿದ್ದಿದ ಒಂದು ಮಾತು: “ಹೋಗವ್ವ, ಹೆರಿಗೆ ಆದ ಮೇಲೆ ಬಾ.” ಎಲ್ಲರೂ ಮೆಚ್ಚಿದರು. ಯಾರದೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬೋರ್ಡು ನಿಂತ ವಾರದಲ್ಲೇ ಅದು ನಡೆಯಿತು. ನಾವು ಐದಾರು ಮಂದಿ ಕಾರ್ಡು ಕೊರಳಿಗೆ ಹಾಕಿಕೊಂಡು ಮಡುವಿನ ಸುತ್ತ ಕೂತಿದ್ದೆವು. ತಿಪ್ಪಮ್ಮ ದೂರದಲ್ಲಿ, ಎಂದಿನಂತೆ ತೆಳುನೀರಿನ ಹತ್ತಿರ. ಗುತ್ತಿಗೆದಾರನ ಕಾವಲಿನವನು ಹೋಗಿ ಅವಳ ಕೋಲು ಕಿತ್ತುಕೊಂಡ.

“ಬೋರ್ಡ್ ಓದಾಕೆ ಬರಲ್ವ? ಕಾರ್ಡ್ ಎಲ್ಲೈತೆ?”

“ಯಾವ ಕಾರ್ಡಪ್ಪ? ಮಡುವಿನಾಗೆ ಕುಂತೋರು ಅವ್ರು. ನಾನು ಇಲ್ಲಿದೀನಿ.” ಆಮೇಲೆ ನನ್ನ ಕಡೆ ಕೈ ತೋರಿಸಿ, “ಆ ಮೇಡಮ್ಮಾರ್ನ ಕೇಳು, ಅವ್ರಿಗೆ ಎಲ್ಲ ಗೊತ್ತೈತೆ” ಎಂದಳು.

ಅವನು ಮೊಣಕಾಲಿಗೆ ಕೊಟ್ಟು ಕೋಲು ಮುರಿದ. ಹಸಿ ಬಿದಿರು ಒಂದೇ ಸಲಕ್ಕೆ ಮುರಿಯಲಿಲ್ಲ.

ನಾನೇನು ಮಾಡಿದೆ? ನನ್ನ ನೆನಪಿನಲ್ಲಿ ನಾನು ಎದ್ದು ನಿಂತಿದ್ದೇನೆ. “ಬಿಡಯ್ಯ, ನನಗೆ ಕಲಿಸಿದ್ದೇ ಅವಳು” ಎಂದಿದ್ದೇನೆ. ಅವನು ಕೇಳಲಿಲ್ಲ, ಅಷ್ಟೆ. ಇದನ್ನು ಅಮ್ಮನಿಗೆ ಹೇಳಿದ್ದೇನೆ, ಗೆಳತಿಯರಿಗೆ ಹೇಳಿದ್ದೇನೆ, ಒಮ್ಮೆ ತರಗತಿಯಲ್ಲೂ ಹೇಳಿದ್ದೇನೆ. ಕೊಕ್ಕೆಯ ಕಲೆ ಬಿದ್ದ ಪುಟ ಆ ದಿನದ್ದೇ. ಅದರಲ್ಲಿ ಹೀಗಿದೆ: “ನೀರು ಮೂರನೇ ಮೆಟ್ಟಿಲ ಕೆಳಗೆ. ಪಡುವಣ ಗಾಳಿ. ಗೆಂಡೆ ಎರಡು, ಬಿಟ್ಟೆ. ತಿಪ್ಪಮ್ಮನ ಗಲಾಟೆ. ನಿಯಮ ಎಲ್ಲರಿಗೂ ಒಂದೇ ಎಂದೆ. ಸರಿ ಅನಿಸಿತು.”

ಆ ಕೊನೆಯ ಎರಡು ವಾಕ್ಯಗಳನ್ನು ಎಷ್ಟು ಹೊತ್ತು ನೋಡಿದೆನೋ. ಮರುದಿನ ಸವಳಂಗದ ಬಸ್ಸು ಹತ್ತಿದೆ. ತಿಪ್ಪಮ್ಮ ಅಲ್ಲಿ ಮಗಳ ಮನೆಯಲ್ಲಿದ್ದಾಳೆಂದು ಕೇಳಿದ್ದೆ. ತಪ್ಪೊಪ್ಪಿಕೊಳ್ಳುವ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ, ಚೆನ್ನಾಗಿಯೇ ಬಂದಿದ್ದವು.

ಅವಳು ಅಂಗಳದಲ್ಲಿ ಅವರೆಕಾಳು ಹಸನು ಮಾಡುತ್ತಿದ್ದಳು. ಗುರುತು ಹಿಡಿದಳು. ಕೂರಲು ಚೀಲ ಹಾಸಿದಳು. ನಾನು ಡೈರಿಯ ವಿಷಯ ತೆಗೆದು, “ಅವತ್ತು ನಾನು ನಿಯಮ ಎಲ್ಲರಿಗೂ ಒಂದೇ ಅಂದಿದ್ದು ತಪ್ಪಾಯ್ತು ತಿಪ್ಪಮ್ಮ” ಎಂದೆ.

ಅವಳು ಮೊರ ಕೆಳಗಿಟ್ಟಳು. “ನೀವು ಅಂಗಂದ್ರಾ? ಯಾರಿಗಂದ್ರಿ?”

“ಕಾವಲಿನವನಿಗೆ. ನಿನ್ನ ಮುಂದೇನೇ.”

“ಇಲ್ಲ ಬಿಡ್ರಿ. ನೀವೇನೂ ಅನ್ಲಿಲ್ಲ. ನಾನು ನೋಡ್ತಾನೇ ಇದ್ದೆ, ಏನಾರ ಅಂತೀರೇನೋ ಅಂತ. ನೀವು ಟೋಪಿ ಮಕದ ಮ್ಯಾಲೆ ಎಳ್ಕಂಡು ನಿಮ್ ದಾರ ಸುತ್ತಾಕೆ ಹತ್ತಿದ್ರಿ.”

ಡೈರಿ ಕೂಡ ಸುಳ್ಳು ಹೇಳಿತ್ತು. ಅಂದು ಸಂಜೆ ಮನೆಗೆ ಬಂದು, ಬಾಯಿಗೆ ಬಾರದಿದ್ದ ಮಾತೊಂದನ್ನು ನಾನೇ ನನ್ನ ಬಾಯಿಗೆ ಹಾಕಿಕೊಂಡಿದ್ದೆ. ಕೆಟ್ಟ ಮಾತಾದರೂ ಸರಿ, ಮಾತಾಡಿದವಳಾಗಬೇಕಿತ್ತು. ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಈಗ ಕೆಲಸಕ್ಕೆ ಬರಲಿಲ್ಲ.

“ಈಗ ಗಾಳ ಹಾಕ್ತೀಯಾ?” ಎಂದೆ, ಏನಾದರೂ ಕೇಳಬೇಕೆಂದು.

“ಎಲ್ಲಿ ಹಾಕಾನ?” ಮತ್ತೆ ಮೊರ ಎತ್ತಿಕೊಂಡಳು. ನಾನು ಎದ್ದಾಗ ತಲೆಯೆತ್ತದೆ ಹೇಳಿದಳು: “ನನ್ ಮಾತು ಆ ಬೋರ್ಡ್ನಾಗೆ ಬರಸೀರಂತೆ. ಮೊಮ್ಮಗಳು ಹೇಳಿದ್ಲು. ಅದನ್ನ ಅಳಸ್ರಿ. ನಂದು ಅದು.”

ಈ ವರ್ಷದ ಟಿಪ್ಪಣಿ ಬರೆಯಲಿಲ್ಲ. ಈ ಭಾನುವಾರ ಬೆಳಿಗ್ಗೆ ಟರ್ಪೆಂಟೈನು, ಚಿಂದಿ, ಒಂದು ಬ್ಲೇಡು ತೆಗೆದುಕೊಂಡು ಕೆರೆಗೆ ಹೋದೆ. ನೀರು ಮೂರನೇ ಮೆಟ್ಟಿಲು ಬಿಟ್ಟು ತುಂಬ ಕೆಳಗಿತ್ತು. ಮಡುವಿನ ಸುತ್ತ ನಮ್ಮವರು ಕೂತಿದ್ದರು. ನಾವು ಹಿಡಿದು ಬಿಟ್ಟ ಮೀನುಗಳಲ್ಲಿ ಕೆಲವು ದಂಡೆಯಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವು ಪ್ರತಿವರ್ಷವೂ ಇದ್ದಿರಬೇಕು. ನನ್ನ ಯಾವ ಟಿಪ್ಪಣಿಯಲ್ಲೂ ಇಲ್ಲ.

ಬೋರ್ಡಿನ ಹಳದಿ ಸಾಲನ್ನು ಕೆರೆಯತೊಡಗಿದ್ದೆ, ಮಂಜಣ್ಣ ಮೆಟ್ಟಿಲು ಹತ್ತಿ ಬಂದ. “ಏನ್ ಮೇಡಂ ಇದು! ಆ ಬೋರ್ಡ್ನಾಗೆ ಚೆನ್ನಾಗಿರಾದು ಅದೊಂದೇ ಅಲ್ವೇನ್ರಿ?”

“ಹೌದು” ಎಂದೆ.

“ಮತ್ಯಾಕ್ರಿ ಕೆರೀತೀರಿ?”

“ಅದು ತಿಪ್ಪಮ್ಮಂದು.”

“ಯಾವ ತಿಪ್ಪಮ್ಮ?”

ಹೇಳಿದೆ. ಎಲ್ಲವನ್ನೂ, ಟೋಪಿಯನ್ನೂ ಸೇರಿಸಿ. ಅವನು “ನಂಗೆ ನೆನಪೇ ಇಲ್ಲ ನೋಡ್ರಿ” ಎಂದು ಮಡುವಿಗೆ ಇಳಿದುಹೋದ. ಎಡಗಡೆಯಿಂದ ಕೆರೆಯುತ್ತ ಬಂದಿದ್ದೆ. “ಬಾ” ಎಂಬ ಒಂದಕ್ಷರ ಉಳಿದಿತ್ತು. ಅದರ ಕೆಳಗೆ ನನ್ನ ಎರಡು ನಿಯಮಗಳು, ಒಂದು ಚುಕ್ಕೆಯೂ ಮಾಸದೆ. ಬ್ಲೇಡು ತಿರುಗಿಸಿ ಹಿಡಿದು ಆ ಅಕ್ಷರವನ್ನೂ ಕೆರೆದೆ.